ಜೆಟ್ ಎಂಜಿನ್ ಎಳೆಯುವ ಗಾಳಿ ಯಾವಾಗಲೂ ಒಂದೇ ಅಲ್ಲ

ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ: "ಜೆಟ್ ಎಂಜಿನ್ ವಿಮಾನ ನಿಂತಾಗಲೂ ಹಾರುವಾಗಲೂ ಅಷ್ಟೇ ಗಾಳಿ ಎಳೆಯುತ್ತದೆ. ಪವರ್ ಕೊಟ್ಟರೆ ಹೆಚ್ಚುವುದು ಇಂಧನ ಮಾತ್ರ."

ಇದು ಅರ್ಧ ಸರಿ. ಪೈಲಟ್ ಲಿವರ್ ಮುಂದೆ ತಳ್ಳಿದಾಗ ಮೊದಲು ಹೆಚ್ಚುವುದು ಇಂಧನವೇ. ಆದರೆ ಕತೆ ಅಲ್ಲಿಗೆ ಮುಗಿಯಲ್ಲ. ಉರಿ ಜಾಸ್ತಿಯಾದರೆ ಹಿಂದಿನ ಟರ್ಬೈನ್ (ಬಿಸಿ ಅನಿಲದಿಂದ ತಿರುಗುವ ಚಕ್ರ) ಜೋರಾಗಿ ತಿರುಗುತ್ತದೆ. ಶಾಫ್ಟುಗಳ (ತಿರುಗುವ ದಂಡಗಳ) ಮೂಲಕ ಮುಂದಿನ ಫ್ಯಾನ್, ಗಾಳಿಯನ್ನು ಒತ್ತುವ ಕಂಪ್ರೆಸರ್ ಅದಕ್ಕೆ ಜೋಡಿಕೊಂಡಿರುತ್ತವೆ. ಅವೂ ಜೋರಾಗಿ ತಿರುಗಿ ಗಾಳಿಯನ್ನು ಜಾಸ್ತಿ ಎಳೆಯುತ್ತವೆ. ಬೋಯಿಂಗ್ 737-800ರ ಎಂಜಿನ್ನನ್ನೇ ನೋಡಿ. ಐಡಲ್‌ನಲ್ಲಿ (ಪವರ್ ಕೊಡದೆ ಸುಮ್ನೆ ಓಡುವಾಗ) ಫ್ಯಾನ್ ವೇಗ ಪೂರ್ಣ ವೇಗದ ಸುಮಾರು ಶೇ. 20. ಟೇಕಾಫ್‌ನಲ್ಲಿ ಶೇ. 90ರ ಆಸುಪಾಸು. ಆಗ ಒಳಗೆ ಹೋಗುವ ಗಾಳಿ ಸೆಕೆಂಡಿಗೆ 300 ಕಿಲೋಗೂ ಜಾಸ್ತಿ! ಅದರಲ್ಲಿ ಆರರಲ್ಲಿ ಐದು ಪಾಲು ಬೆಂಕಿಯನ್ನು ಮುಟ್ಟುವುದೇ ಇಲ್ಲ, ಸುಮ್ನೆ ಹೊರಸುತ್ತಿನಿಂದ ಹಿಂದಕ್ಕೆ ಹೋಗುತ್ತದೆ.

ಗೊಂದಲ ಎಲ್ಲಿಂದ ಬಂತು? ತೋರಣಗಲ್ಲಿನ ವಿಮಾನ ನಿಲ್ದಾಣದಲ್ಲಿ ಎಟಿಆರ್ (ಪ್ರೊಪೆಲರ್ ಇರುವ ವಿಮಾನ) ನೋಡಿದವರು ಹೇಳಿರಬಹುದು. ಅದರ ಪ್ರೊಪೆಲರ್ ಹಾರಾಟದಲ್ಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ, ಬದಲಾಗುವುದು ಪ್ರೊಪೆಲರ್ ಅಲಗುಗಳ ಓರೆ. ಆದರೆ ಅಲ್ಲೂ ಎಂಜಿನ್ ಒಳಗಿನ ಕಂಪ್ರೆಸರ್ ಪವರ್ ಏರಿದಂತೆ ಜೋರಾಗುತ್ತದೆ.