ದಂಗೆ ಎದ್ದ ದಿನ ಅಡುಗೆ ಯಾರದು?

ಹದಿನಾರು ವರ್ಷದ ಹುಡುಗಿಯೊಬ್ಬಳು ಸರ್ಕಾರ ಬೀಳಿಸುತ್ತಾಳೆ ಅಂದರೆ ನಾನು ನಂಬುತ್ತೇನೆ. ಡ್ರ್ಯಾಗನ್ ಮಾತಾಡುತ್ತದೆ ಅಂದರೂ ನಂಬುತ್ತೇನೆ. ಊರ ಸುತ್ತ ದೊಡ್ಡ ಗೋಡೆ ಇದೆ, ಅದರಾಚೆ ಹೋದವರು ಯಾರೂ ವಾಪಸ್ ಬಂದಿಲ್ಲ ಅಂದರಂತೂ ಇನ್ನೂ ಖುಷಿ. ಆದರೆ ಆ ಹುಡುಗಿ ಮೂರು ದಿನ ಕಾಡಲ್ಲಿ ಓಡಿ ನಾಲ್ಕನೇ ದಿನ ಕೋಟೆಗೆ ನುಗ್ಗಿದಳು ಅಂತ ಬರೆದು, ನಡುವೆ ಏನು ತಿಂದಳು ಅಂತ ಬರೆಯದೇ ಹೋದರೆ ಆ ಪುಸ್ತಕದ ಮೇಲಿನ ನಂಬಿಕೆ ಅಲ್ಲಿಗೇ ಹೊರಟುಹೋಗುತ್ತದೆ.

ಹದಿಹರೆಯದವರಿಗೆ ಅಂತ ಬರೆದ ಫ್ಯಾಂಟಸಿ, ಡಿಸ್ಟೋಪಿಯ (ದಬ್ಬಾಳಿಕೆಯ ಕರಾಳ ಲೋಕದ ಕತೆ) ಸರಣಿಗಳನ್ನು ಆ ವಯಸ್ಸು ದಾಟಿದ ಮೇಲೂ ಬಿಡದೆ ಓದುವವರ ಪೈಕಿ ನಾನು. ಇವುಗಳ ಬೆನ್ನುಡಿ ಓದಿದರೆ ಸಾಕು, ಅರ್ಧ ಕತೆ ಗೊತ್ತಾಗುತ್ತದೆ. ಅಪ್ಪ ಅಮ್ಮ ಸತ್ತಿರುತ್ತಾರೆ, ಇಲ್ಲವೇ ಸತ್ತರು ಅಂತ ಯಾರೋ ಸುಳ್ಳು ಹೇಳಿರುತ್ತಾರೆ. ನಾಯಕಿ ಚೆಂದ ಇದ್ದಾಳೆ ಅನ್ನುವುದು ಅವಳೊಬ್ಬಳನ್ನು ಬಿಟ್ಟು ಉಳಿದ ಎಲ್ಲರಿಗೂ ಗೊತ್ತಿರುತ್ತದೆ. ಅವಳಿಗೆ ಇಬ್ಬರು ಹುಡುಗರು. ಒಬ್ಬ ಚಿಕ್ಕಂದಿನ ಗೆಳೆಯ, ಇನ್ನೊಬ್ಬ ಯಾವಾಗ ನೋಡಿದರೂ ಗೋಡೆಗೆ ಒರಗಿ ನಿಂತಿರುವವನು. ಫ್ಯಾಂಟಸಿ ಆದರೆ ಮೊದಲ ಪುಟದಲ್ಲಿ ನಕ್ಷೆ, ಜೊತೆಗೊಂದು ಭವಿಷ್ಯವಾಣಿ. ಇದಕ್ಕೆಲ್ಲ ನನ್ನ ತಕರಾರಿಲ್ಲ. ಗೊತ್ತಿರುವ ದಾರಿಯಲ್ಲಿ ನಡೆಯುವುದೂ ಒಂದು ಸುಖವೇ. ನನಗೆ ಬೇಕಾದ್ದು ಇಷ್ಟೇ: ಈ ಲೋಕದಲ್ಲಿ ಬೆಳೆಯುವವರು ಯಾರು, ಬೇಯಿಸುವವರು ಯಾರು, ಪಾತ್ರೆ ತೊಳೆಯುವವರು ಯಾರು? ಇದಕ್ಕೆ ಲೇಖಕರ ಹತ್ತಿರ ಉತ್ತರ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನನ್ನ ಪಾಲಿಗೆ ಆ ಸರಣಿಯ ಹಣೆಬರಹ ನಿಂತಿದೆ.

ಸುಜಾನ್ ಕಾಲಿನ್ಸ್ ಅವರ ‘ಹಂಗರ್ ಗೇಮ್ಸ್’ ತಗೊಳ್ಳಿ. 2008ರಲ್ಲಿ ಬಂದ ಪುಸ್ತಕ. ಅದರ ಬೆನ್ನಿಗೆ ಅದೇ ಅಚ್ಚಿನಲ್ಲಿ ರಾಶಿ ಪುಸ್ತಕ ಬಂದವು. ಅವುಗಳಲ್ಲಿ ಹೆಚ್ಚಿನವು ಇದರ ಬಿಲ್ಲು ಬಾಣ ನೋಡಿ ಕಲಿತವು, ರೇಷನ್ ಲೆಕ್ಕ ನೋಡಿ ಕಲಿಯಲಿಲ್ಲ. ಕತೆ ಎಲ್ಲರಿಗೂ ಗೊತ್ತಿರುವುದೇ. ಹನ್ನೆರಡು ಜಿಲ್ಲೆಗಳಿಂದ ತಲಾ ಒಬ್ಬ ಹುಡುಗ, ಒಬ್ಬಳು ಹುಡುಗಿ. ಚೀಟಿ ಎತ್ತಿ ಆರಿಸಿದ ಇಪ್ಪತ್ತನಾಲ್ಕು ಮಕ್ಕಳು ಕ್ಯಾಮೆರಾ ಮುಂದೆ ಒಬ್ಬರನ್ನೊಬ್ಬರು ಕೊಲ್ಲಬೇಕು. ಭಯಂಕರ ನಿಜ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಆಟವಲ್ಲ, ಚೀಟಿಯ ಲೆಕ್ಕ. ಹನ್ನೆರಡು ತುಂಬಿದಾಗ ನಿಮ್ಮ ಹೆಸರಿನ ಒಂದು ಚೀಟಿ ಬೀಳುತ್ತದೆ, ಹದಿಮೂರಕ್ಕೆ ಎರಡು, ಹೀಗೆ ಹದಿನೆಂಟಕ್ಕೆ ಏಳು. ಮನೆಯಲ್ಲಿ ತಿನ್ನಲು ಇಲ್ಲದವರಿಗೆ ಒಂದು ‘ಸೌಲಭ್ಯ’ ಉಂಟು. ಇನ್ನೊಂದು ಚೀಟಿ ಜಾಸ್ತಿ ಹಾಕಿಸಿಕೊಂಡರೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಧಾನ್ಯ, ಎಣ್ಣೆ ಸಿಗುತ್ತದೆ. ಅದೂ ಹೇಳಿಕೊಳ್ಳುವಷ್ಟಲ್ಲ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಚೀಟಿ ಹಾಕಿಸಬಹುದು. ಹಾಕಿದ ಚೀಟಿ ಮುಂದಿನ ವರ್ಷಕ್ಕೂ ಹಾಗೇ ಉಳಿಯುತ್ತದೆ. ಹದಿನಾರರ ನಾಯಕಿ ಕ್ಯಾಟ್ನಿಸ್ ಹೆಸರು ಇಪ್ಪತ್ತು ಸಲ, ಐದು ಜನರ ಹೊಟ್ಟೆ ಹೊರೆಯುವ ಅವಳ ಗೆಳೆಯ, ಹದಿನೆಂಟರ ಗೇಲ್ ಹೆಸರು ನಲವತ್ತೆರಡು ಸಲ. ಕೂಡಿ ನೋಡಿ, ಲೆಕ್ಕ ತಾಳೆಯಾಗುತ್ತದೆ. ಇಡೀ ದೇಶ ಹೇಗೆ ನಡೆಯುತ್ತಿದೆ ಅಂತ ಹೇಳಲು ಇನ್ನು ಭಾಷಣ ಬೇಕಾ? ತಂಗಿಯ ಹೆಸರು ಹೆಚ್ಚು ಬೀಳಬಾರದು ಅಂತ ಅಕ್ಕ ಕ್ಯಾಟ್ನಿಸ್ ಅವಳಿಗೆ ಧಾನ್ಯದ ಚೀಟಿ ಹಾಕಲು ಬಿಟ್ಟಿರುವುದಿಲ್ಲ. ಡಬ್ಬಿಯಲ್ಲಿ ತಂಗಿಯದು ಒಂದೇ ಒಂದು ಚೀಟಿ. ಎತ್ತಿದಾಗ ಬರುವುದು ಅದೇ.

ಈ ಸರಣಿಯ ಪ್ರೇಮದ ತ್ರಿಕೋನವನ್ನು ಕೂಡ ನಾನು ಇದೇ ಕಾರಣಕ್ಕೆ ಮಾಫಿ ಮಾಡಿದ್ದೇನೆ. ಒಬ್ಬ ಬೇಟೆಗಾರ ಗೇಲ್, ಇನ್ನೊಬ್ಬ ಬೇಕರಿಯವರ ಮಗ. ಹಸಿದು ಮಳೆಯಲ್ಲಿ ಕೂತಿದ್ದ ಹುಡುಗಿಗೆ ಬೇಕರಿ ಹುಡುಗ ಬೇಕಂತಲೇ ಬ್ರೆಡ್ ಸುಟ್ಟು, ಅಮ್ಮನ ಕೈಲಿ ಏಟು ತಿಂದು, ಆ ಬ್ರೆಡ್ಡನ್ನು ಅವಳತ್ತ ಎಸೆಯುತ್ತಾನೆ. ಕೊನೆಗೆ ಅವಳು ಯಾರ ಜೊತೆ ಉಳಿದಳು ಅಂತ ಓದಿದವರಿಗೆ ಗೊತ್ತು. ಗೇಲ್ ಪರ ವಾದಿಸುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಸುಮ್ನೆ ಆ ಬ್ರೆಡ್ಡಿನ ಪುಟ ತೋರಿಸುತ್ತೇನೆ.

ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ 2011ರದ್ದು. ಇಲ್ಲಿ ಚಿಕಾಗೋ ನಗರದ ಜನರನ್ನು ಗುಣಕ್ಕೆ ತಕ್ಕಂತೆ ಐದು ಪಂಗಡ ಮಾಡಿಟ್ಟಿದ್ದಾರೆ. ತ್ಯಾಗದವರು, ಧೈರ್ಯದವರು, ಜಾಣರು, ನೇರ ಮಾತಿನವರು, ಸ್ನೇಹದವರು. ಹೆಸರು ಕೇಳಿದರೆ ಶಾಲೆಯ ಕ್ರೀಡಾಕೂಟದ ತಂಡಗಳ ಹಾಗಿದೆ ಅಂತ ಅನೇಕರು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ಪಂಗಡ ಸಿಗದವರು ಅಂತ ಆರನೇ ಗುಂಪೊಂದಿದೆ. ಕಸ ಎತ್ತುವವರು, ಕಟ್ಟಡ ಕಟ್ಟುವವರು, ಬಸ್ಸು ರೈಲು ಓಡಿಸುವವರು, ಬಟ್ಟೆ ನೇಯುವವರು ಎಲ್ಲ ಅವರೇ. ಕೂಲಿಗೆ ಬದಲು ಊಟ ಬಟ್ಟೆ, ಅದೂ ಅರೆಬರೆ. ಧೈರ್ಯದವರು ಓಡುವ ರೈಲಿಗೆ ಹಾರುವ ದೃಶ್ಯ ಎಲ್ಲರಿಗೂ ನೆನಪಿರುತ್ತದೆ. ಆ ರೈಲು ಓಡಿಸುತ್ತಿರುವವನು ಯಾರು ಅಂತ ಪುಸ್ತಕದಲ್ಲೇ ಒಂದು ಸಾಲು ಇದೆಯಲ್ಲ, ಅದು ನನಗೆ ಆ ಹಾರಾಟಕ್ಕಿಂತ ಹೆಚ್ಚು ಇಷ್ಟ. ತ್ಯಾಗದವರ ಮನೆಯಿಂದ ಬಂದ ನಾಯಕಿ ಟ್ರಿಸ್ ಹೊಸ ಪಂಗಡದ ಊಟದ ಹಾಲ್‌ನಲ್ಲಿ ಮೊದಲ ಸಲ ಹ್ಯಾಂಬರ್ಗರ್ ನೋಡಿ ಏನು ಮಾಡಬೇಕು ಅಂತ ತಿಳಿಯದೆ ಕೂರುತ್ತಾಳೆ. ಸಪ್ಪೆ ಊಟ ತಿನ್ನುವುದೂ ಅವಳ ಮನೆಯವರ ವ್ರತದ ಭಾಗವಾಗಿತ್ತು. ಐದು ಪಂಗಡಗಳ ತತ್ವವನ್ನು ಪುಟಗಟ್ಟಲೆ ಹೇಳಿದ್ದಕ್ಕಿಂತ ಆ ತಟ್ಟೆ ಚೆನ್ನಾಗಿ ಹೇಳುತ್ತದೆ.

ಮೂರನೇ ಭಾಗಕ್ಕೆ ಬಂದರೆ ಇದೆಲ್ಲ ಮಾಯ. ನಗರದ ಗೋಡೆ ದಾಟುತ್ತಾರೆ, ಆಚೆ ಬಿಳಿ ಕೋಟು ಹಾಕಿದವರು ಸಿಗುತ್ತಾರೆ, ಇದೆಲ್ಲ ವಂಶವಾಹಿಗಳ ಪ್ರಯೋಗ ಅಂತ ವಿವರಿಸುತ್ತಾರೆ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಸಿನಿಮಾದವರಂತೂ ಆ ಮೂರನೇ ಪುಸ್ತಕವನ್ನು ಎರಡು ಚಿತ್ರ ಮಾಡಲು ಹೊರಟರು. 2016ರಲ್ಲಿ ಮೊದಲರ್ಧ ಮಕಾಡೆ ಮಲಗಿತು, ಉಳಿದರ್ಧ ತೆರೆಗೆ ಬರಲೇ ಇಲ್ಲ.

ಮೂರನೇ ಭಾಗದ ಈ ಕಾಯಿಲೆ ಒಂದೇ ಸರಣಿಯದ್ದಲ್ಲ. ಜೇಮ್ಸ್ ಡ್ಯಾಶ್ನರ್ ಅವರ ‘ಮೇಜ್ ರನ್ನರ್’ ಮೊದಲ ಭಾಗ ಎಷ್ಟು ಚೆನ್ನಾಗಿದೆ! ಚಕ್ರವ್ಯೂಹದ ನಡುವೆ ಸಿಕ್ಕಿಬಿದ್ದ ಹುಡುಗರು. ತಿಂಗಳಿಗೊಬ್ಬ ಹುಡುಗ, ವಾರಕ್ಕೊಮ್ಮೆ ಸಾಮಾನು ಲಿಫ್ಟಿನಲ್ಲಿ ಬರುತ್ತದೆ. ಹುಡುಗರೇ ಕೆಲಸ ಹಂಚಿಕೊಂಡಿದ್ದಾರೆ. ತೋಟದವರು, ಪ್ರಾಣಿ ಕಡಿಯುವವರು, ಗಾಯಕ್ಕೆ ಪಟ್ಟಿ ಕಟ್ಟುವವರು, ಯಾವುದಕ್ಕೂ ಲಾಯಕ್ಕಿಲ್ಲದವರು ಕಕ್ಕಸು ತೊಳೆಯುವವರು. ಅಡುಗೆಗೆ ಫ್ರೈಪ್ಯಾನ್ ಅಂತಲೇ ಹೆಸರಿನ ಹುಡುಗ. ಅವನ ಅಡುಗೆ ತಿಂದುಕೊಂಡೇ ಅವನನ್ನು ಬೈಯುತ್ತಾರೆ. ಯಾವ ಹಾಸ್ಟೆಲ್ಲಿನಲ್ಲಾದರೂ ಹೀಗೇ ಅಲ್ವಾ? ನಾಯಕ ಮಾತ್ರ ಬಂದ ಮೂರ್ನಾಲ್ಕು ದಿನಕ್ಕೇ ಚಕ್ರವ್ಯೂಹದಲ್ಲಿ ದಾರಿ ಹುಡುಕುವ ಓಟಗಾರನಾಗಿಬಿಡುತ್ತಾನೆ. ಕಕ್ಕಸು ತೊಳೆಯುವ ಪಾಳಿ ಗೆಳೆಯ ಚಕ್‌ಗೆ. ಮುಂದಿನ ಭಾಗಗಳಲ್ಲಿ ಚಕ್ರವ್ಯೂಹ ಹೋಗಿ ಮರುಭೂಮಿ, ಸೋಂಕು, ಗುಂಡಿನ ಸದ್ದು. ನಾನು ಪುಟ ಹಾರಿಸಿದೆ.

ಲೋಯಿಸ್ ಲೌರಿ ಇದೆಲ್ಲಕ್ಕಿಂತ ಮುಂಚೆ, 1993ರಲ್ಲೇ, ‘ದ ಗಿವರ್’ ಬರೆದು ಗುಂಡು ಹಾರಿಸದೆಯೇ ಹೆದರಿಸಿದ್ದರು. ಜೋನಸ್ ಅನ್ನುವ ಹುಡುಗ ಗೆಳೆಯನ ಜೊತೆ ಸೇಬು ಎಸೆದು ಹಿಡಿದು ಆಡುತ್ತಿರುತ್ತಾನೆ. ಗಾಳಿಯಲ್ಲಿ ಆ ಸೇಬು ಕ್ಷಣಮಾತ್ರ ಏನೋ ಬದಲಾದಂತೆ ಕಾಣುತ್ತದೆ. ಏನಿರಬಹುದು ಅಂತ ನೋಡಲು ಅವನು ಅದನ್ನು ಮನೆಗೆ ಒಯ್ಯುತ್ತಾನೆ. ಸಂಜೆ ಧ್ವನಿವರ್ಧಕ ಮಾತಾಡುತ್ತದೆ: ಆಟದ ಜಾಗದಿಂದ ವಸ್ತುಗಳನ್ನು ಒಯ್ಯುವಂತಿಲ್ಲ, ತಿಂಡಿ ಇರುವುದು ತಿನ್ನುವುದಕ್ಕೆ, ಕೂಡಿಡುವುದಕ್ಕಲ್ಲ. ಹೆಸರು ಹೇಳುವುದಿಲ್ಲ. ಹನ್ನೊಂದರ ಹುಡುಗರಿಗೆ ಅಂತಷ್ಟೇ. ಹೇಳಬೇಕಾದವನಿಗೆ ಮುಟ್ಟುತ್ತದೆ. ಒಂದು ಸೇಬಿನ ಲೆಕ್ಕವನ್ನೂ ಇಟ್ಟಿರುವ ಊರಿಗೆ ಬೇರೆ ಪೊಲೀಸರು ಯಾಕೆ ಬೇಕು?

ಫ್ಯಾಂಟಸಿಯ ಕಡೆ ಬಂದರೆ ಲೇಖಕರಿಗೆ ಒಂದು ಸುಲಭದ ದಾರಿ ಇದೆ. ಕೋಲು ಬೀಸಿದರೆ ಊಟ ಪ್ರತ್ಯಕ್ಷ. ಹ್ಯಾರಿ ಪಾಟರ್‌ನ ಮೊದಲ ಮೂರು ಪುಸ್ತಕ ನಾವು ಹಾಗೇ ನಂಬಿಕೊಂಡು ಓದಿದೆವು. ಖಾಲಿ ತಟ್ಟೆ ತನ್ನಿಂದ ತಾನೇ ತುಂಬುತ್ತದೆ, ಆಹಾ! 2000ರಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ ಗುಟ್ಟು ಹೊರಬೀಳುತ್ತದೆ. ಊಟದ ಹಾಲ್‌ನ ನೆಲದಡಿ ಅಡುಗೆಮನೆ ಇದೆ. ಮೇಲಿರುವ ನಾಲ್ಕು ಉದ್ದನೆಯ ಮೇಜುಗಳ ನೇರ ಕೆಳಗೆ ಅಂಥದೇ ನಾಲ್ಕು ಮೇಜು. ನೂರಕ್ಕೂ ಹೆಚ್ಚು ಪುಟ್ಟ ಜೀವಿಗಳು, ಅಂದರೆ ಮನೆಗೆಲಸದ ಎಲ್ಫ್‌ಗಳು ಅಲ್ಲಿ ಬಡಿಸಿಡುತ್ತವೆ, ಅದು ಮೇಲೇರಿ ಬರುತ್ತದೆ. ಸಂಬಳವಿಲ್ಲ, ರಜೆಯಿಲ್ಲ. ವಿಷಯ ತಿಳಿದ ಹ್ಯಾರಿಯ ಗೆಳತಿ ಹರ್ಮಾಯ್ನಿ ತಟ್ಟೆ ದೂರ ತಳ್ಳುತ್ತಾಳೆ, ಆಮೇಲೆ ಎರಡು ಸಿಕಲ್ ನಾಣ್ಯ ಚಂದಾ ಇಟ್ಟು ಅವುಗಳ ಪರ ಸಂಘ ಕಟ್ಟುತ್ತಾಳೆ. ಗೆಳೆಯರು ನಗುತ್ತಾರೆ. ಕತೆಯೂ ಅವಳನ್ನು ಅರ್ಧ ನಗುತ್ತಲೇ ನೋಡುತ್ತದೆ, ಸಿನಿಮಾದವರು ಆ ಸಂಘವನ್ನು ಪೂರ್ತಿ ಬಿಟ್ಟೇಬಿಟ್ಟರು. ನನ್ನ ಪ್ರಕಾರ ಇಡೀ ಏಳು ಪುಸ್ತಕಗಳಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಸಂಘದ ಬ್ಯಾಡ್ಜು ಮಾಡುವುದಕ್ಕೆ ಮುಂಚೆ ಅಡುಗೆಮನೆಗೆ ಹೋಗಿ ಆ ಎಲ್ಫ್‌ಗಳನ್ನೇ ಒಂದು ಮಾತು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು, ಅದು ಬೇರೆ ಮಾತು.

ಏಳನೇ ಪುಸ್ತಕಕ್ಕೆ ಬಂದಾಗ ಇದೇ ಮಕ್ಕಳು ಕಾಡಿನಲ್ಲಿ ಟೆಂಟ್ ಹಾಕಿಕೊಂಡು ಅಲೆಯುತ್ತಾರೆ. ಕಾಡಿನ ಅಣಬೆ, ಮುಳ್ಳು ತುಂಬಿದ ಸುಟ್ಟ ಮೀನು. ನಮ್ಮಮ್ಮ ಗಾಳಿಯಿಂದಲೇ ಊಟ ತರಿಸುತ್ತಾಳೆ ಅಂತ ರಾನ್ ಗೊಣಗುತ್ತಾನೆ. ಇಲ್ಲ, ಯಾರಿಂದಲೂ ಆಗದು, ಇಲ್ಲದ ಊಟವನ್ನು ಮಂತ್ರದಿಂದ ಹುಟ್ಟಿಸಲು ಬರುವುದಿಲ್ಲ, ನಿಯಮವೇ ಇದೆ ಅಂತ ಹರ್ಮಾಯ್ನಿ ಸಿಡುಕುತ್ತಾಳೆ. ಸ್ವಲ್ಪ ಹೊತ್ತಿಗೆ ದೊಡ್ಡ ಜಗಳವಾಗಿ ರಾನ್ ಹೊರಟೇ ಹೋಗುತ್ತಾನೆ. ಕೊರಳಲ್ಲಿದ್ದ ಲಾಕೆಟ್ಟಿನ ಕೆಟ್ಟ ಮಂತ್ರದಿಂದ ಹಾಗಾಯಿತು ಅನ್ನುತ್ತಾರೆ. ಇರಬಹುದು. ಅರ್ಧ ಕಾರಣ ಆ ಮೀನು. ಟೆಂಟಿನ ಈ ಅಧ್ಯಾಯಗಳು ಎಳೆದಾಡಿವೆ ಅಂತ ಬೈಯುವವರೇ ಜಾಸ್ತಿ. ನನಗೆ ಇಡೀ ಸರಣಿಯಲ್ಲಿ ಅತಿ ನಿಜ ಅನ್ನಿಸಿದ್ದು ಅವೇ.

ಅರ್ಸುಲಾ ಲೆ ಗ್ವಿನ್ 1968ರಲ್ಲೇ ಈ ವಿಷಯವನ್ನು ಒಂದು ಪುಟದಲ್ಲಿ ಮುಗಿಸಿದ್ದಾರೆ. ‘ಎ ವಿಜರ್ಡ್ ಆಫ್ ಅರ್ತ್‌ಸೀ’ಯಲ್ಲಿ ಗೆಡ್ ಅನ್ನುವ ಮಾಂತ್ರಿಕ ಗೆಳೆಯನ ಮನೆಗೆ ಬಂದಿರುತ್ತಾನೆ. ಇಬ್ಬರೂ ದೊಡ್ಡ ಪ್ರಯಾಣಕ್ಕೆ ಬುತ್ತಿ ಕಟ್ಟಿಕೊಳ್ಳುವ ಯೋಚನೆಯಲ್ಲಿದ್ದಾರೆ. ಗೆಳೆಯನ ತಂಗಿಗೆ ಆಶ್ಚರ್ಯ. ನೀವು ಮಾಂತ್ರಿಕರಲ್ವಾ, ಹಸಿವಾದಾಗ ಮಾಂಸದ ಕಡುಬು ಅಂತ ಹೇಳಿದರೆ ಬಂದುಬಿಡುವುದಿಲ್ಲವಾ ಅಂತ ಕೇಳುತ್ತಾಳೆ. ಬರಿಸಬಹುದು, ಪರಿಮಳ ರುಚಿ ಎಲ್ಲ ಕೊಡಬಹುದು, ಹೊಟ್ಟೆ ತುಂಬಿದ ಹಾಗೂ ಆಗುತ್ತದೆ, ಆದರೆ ಹಸಿದವನ ಮೈಗೆ ಅದರಿಂದ ಶಕ್ತಿ ಬರುವುದಿಲ್ಲ ಅನ್ನುತ್ತಾರೆ. ಹಾಗಾದರೆ ಮಾಂತ್ರಿಕರು ಅಡುಗೆಯವರಲ್ಲ ಬಿಡಿ ಅಂತ ಅವಳ ಇನ್ನೊಬ್ಬ ಅಣ್ಣ ಷರಾ ಹಾಕುತ್ತಾನೆ. ಎಷ್ಟು ತಣ್ಣಗೆ ಹೇಳಿದ್ದಾರೆ ನೋಡಿ. ಆ ಲೋಕದಲ್ಲಿ ಮಂತ್ರಕ್ಕೂ ಒಂದು ಮಿತಿ ಇದೆ, ಆ ಮಿತಿ ಒಲೆಯ ಹತ್ತಿರ ಶುರುವಾಗುತ್ತದೆ. ಕ್ರಿಸ್ಟೋಫರ್ ಪಾವೊಲಿನಿ ಅವರ ‘ಎರಗಾನ್’ನಲ್ಲೂ ಮಂತ್ರಕ್ಕೆ ಮೈಯ ಶಕ್ತಿಯೇ ಖರ್ಚಾಗುತ್ತದೆ, ಆ ಜಮಾಖರ್ಚು ನನಗೆ ಹಿಡಿಸಿತು. ಪುಸ್ತಕಗಳ ದಪ್ಪ ಹಿಡಿಸಲಿಲ್ಲ. ಮೂರು ಭಾಗ ಅಂತ ಶುರುವಾಗಿ ನಾಲ್ಕಕ್ಕೆ ನಿಂತಿತು.

ಮತ್ತೆ ಮೂರನೇ ಭಾಗದ ಕಾಯಿಲೆಗೆ ಬರೋಣ. ದಂಗೆ ಶುರುವಾಗುವ ತನಕ ಲೇಖಕರಿಗೆ ರೇಷನ್ನು, ಪಾಳಿ, ಕ್ಯೂ ಎಲ್ಲ ನೆನಪಿರುತ್ತದೆ. ದಬ್ಬಾಳಿಕೆ ತೋರಿಸಲು ಅವು ಬೇಕಲ್ಲ! ದಂಗೆ ಎದ್ದ ಕೂಡಲೇ ಎಲ್ಲರೂ ನೆಲಮಾಳಿಗೆಯಲ್ಲಿ ನಕ್ಷೆ ಹರಡಿಕೊಂಡು ಕೂರುತ್ತಾರೆ. ಸಾವಿರಾರು ಬಂಡುಕೋರರು, ಯಾರಿಗೂ ಹಸಿವಿಲ್ಲ. ಅವರಿಗೆ ಬೇಯಿಸಿ ಹಾಕುವವರೂ ಬಂಡುಕೋರರೇ ಅಲ್ಲವಾ? ಅವರ ಹೆಸರು ಎಲ್ಲೂ ಇಲ್ಲ.

ಇದರಲ್ಲಿ ಕಾಲಿನ್ಸ್ ಅವರದ್ದು ಮಾತ್ರ ಬೇರೆ ದಾರಿ. ಹಂಗರ್ ಗೇಮ್ಸ್ ಸರಣಿಯ ಮೂರನೇ ಭಾಗ, 2010ರ ‘ಮಾಕಿಂಗ್‌ಜೇ’ಯನ್ನು ಇಷ್ಟಪಡದವರು ಬಹಳ. ಕ್ಯಾಟ್ನಿಸ್ ಸುಮ್ಮನೆ ಮೂಲೆ ಹಿಡಿದು ಕೂರುತ್ತಾಳೆ, ಹೋರಾಟವೇ ಇಲ್ಲ ಅನ್ನುವುದು ದೂರು. ನನಗೆ ಅದರ ಹದಿಮೂರನೇ ಜಿಲ್ಲೆ ಬಲು ಇಷ್ಟ. ಬಂಡುಕೋರರ ನೆಲದಡಿಯ ಊರು ಅದು. ಬೆಳಗಾಗೆದ್ದು ಗೋಡೆಯ ಯಂತ್ರಕ್ಕೆ ಬಲಗೈ ಒಡ್ಡಬೇಕು. ಅದು ಮುಂಗೈ ಮೇಲೆ ನೇರಳೆ ಶಾಯಿಯಲ್ಲಿ ಆ ದಿನದ ವೇಳಾಪಟ್ಟಿ ಅಚ್ಚೊತ್ತುತ್ತದೆ. 7:00 ತಿಂಡಿ, 7:30 ಅಡುಗೆಮನೆ ಕೆಲಸ, ಹೀಗೆ ರಾತ್ರಿ ಹತ್ತರ ಸ್ನಾನದವರೆಗೆ. ಸ್ನಾನದ ಹೊತ್ತಿನ ತನಕ ಶಾಯಿ ಅಳಿಸುವುದಿಲ್ಲ. ಊಟ ಅಳತೆ ಹಾಕಿ ಕೊಡುತ್ತಾರೆ, ಒಂದು ತುತ್ತು ಜಾಸ್ತಿ ಸಿಗದು. ನ್ಯಾಯ ನಮ್ಮದೇ ಅನ್ನುವವರ ಊರೂ ಉಸಿರು ಕಟ್ಟಿಸಬಹುದು ಅನ್ನುವುದು ಆ ನೇರಳೆ ಪಟ್ಟಿಯಲ್ಲೇ ಗೊತ್ತಾಗುತ್ತದೆ. ಆದರೂ 7:30ಕ್ಕೆ ಪಾತ್ರೆ ಯಾರು ತೊಳೆಯಬೇಕು ಅನ್ನುವುದಕ್ಕೆ ಅಲ್ಲಿ ಉತ್ತರವಿದೆ. ಕ್ರಾಂತಿಯ ಮುಖವಾಗಿ ಟಿವಿಯಲ್ಲಿ ಕಾಣುವ ಹುಡುಗಿಯ ಕೈ ಮೇಲೂ ಆ ಪಾಳಿ ಅಚ್ಚಾಗುತ್ತದೆ. ಅವಳು ಪಟ್ಟಿ ನೋಡದೆ ತಪ್ಪಿಸಿಕೊಂಡು ತಿರುಗುತ್ತಾಳೆ ಅನ್ನುವುದು ಬೇರೆ ವಿಷಯ. ನಾಯಕಿಯರೇ ಹಾಗೆ.

ಹಿಂದಿನ ಕತೆ ಬರೆಯುವ ಚಾಳಿ ನನಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಸರಣಿ ಮುಗಿದ ಮೇಲೂ ಅದನ್ನು ಹಿಂಡುವುದು ಅನ್ನಿಸುತ್ತದೆ. 2020ರಲ್ಲಿ ಕಾಲಿನ್ಸ್ ಅಂಥದ್ದೊಂದು ತಂದಾಗ ಮನಸ್ಸಿಲ್ಲದ ಮನಸ್ಸಿನಿಂದಲೇ ಕೈಗೆತ್ತಿಕೊಂಡೆ. ಮೊದಲ ವಾಕ್ಯದಲ್ಲೇ ಸೋತೆ. ಮುಂದೆ ಅಧ್ಯಕ್ಷನಾಗಿ ಇಡೀ ದೇಶವನ್ನು ಹಸಿವಿನಲ್ಲಿಡುವ ಕೊರಿಯೊಲೇನಸ್ ಸ್ನೋ, ಇನ್ನೂ ಹದಿನೆಂಟರ ಹುಡುಗ, ಕುದಿಯುವ ನೀರಿಗೆ ಹಿಡಿ ಎಲೆಕೋಸು ಹಾಕುತ್ತಿದ್ದಾನೆ. ಒಂದಲ್ಲ ಒಂದು ದಿನ ಇದನ್ನು ಬಾಯಿಗೂ ಸೋಕಿಸುವುದಿಲ್ಲ ಅಂತ ಶಪಥ ಮಾಡುತ್ತಾನೆ. ದೊಡ್ಡ ಮನೆತನ, ಒಳಗೆ ಕೋಸು ಬಿಟ್ಟರೆ ಹೆಚ್ಚೇನಿಲ್ಲ. ಚೀಟಿ ಎತ್ತುವ ಸಮಾರಂಭದಲ್ಲಿ ಹೊಟ್ಟೆ ಗುರುಗುಟ್ಟಿ ಮರ್ಯಾದೆ ಹೋಗಬಾರದು ಅಂತ ಆ ನೀರು ಸಾರನ್ನು ಹೊಟ್ಟೆ ತುಂಬ ಕುಡಿಯಬೇಕಾಗಿದೆ. ನಾನು ಓದಿದ ಸರಣಿಗಳಲ್ಲಿ ಒಲೆ ಮುಂದೆ ನಿಂತುಕೊಂಡೇ ಕತೆ ಶುರು ಮಾಡಿದವನು ಅವನೊಬ್ಬನೇ. ಅವನೇ ಖಳನಾಯಕ ಆಗಬೇಕಿತ್ತಾ?