ಮನಸ್ಸಿಗೆ ಮಂಗಳವಾರ

ಎಂ.ಎ. ಆದ ಮೇಲೆ ಓದುವ ಎಂ.ಫಿಲ್. ಪದವಿಯ ಪುರಾಣ ನಿಮಗೆ ಗೊತ್ತೇ ಇದೆ. 2022ರಲ್ಲಿ ವಿಶ್ವವಿದ್ಯಾಲಯಗಳ ಯಜಮಾನ ಯುಜಿಸಿ ಆ ಪದವಿಯನ್ನೇ ತೆಗೆದುಹಾಕಿತು. 2023ರ ಡಿಸೆಂಬರ್ ಕೊನೆಗೆ, ‘ಅದಕ್ಕೆ ಮಾನ್ಯತೆ ಇಲ್ಲ, ಯಾರೂ ಸೇರಬೇಡಿ’ ಎಂದು ಗದರಿತು. ಹೊಸ ಕ್ಯಾಲೆಂಡರ್ ಗೋಡೆಗೆ ಹತ್ತುವಷ್ಟರಲ್ಲಿ ಇನ್ನೊಂದು ಮಾತು ಬಂತು: ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೂ ಮಾತ್ರ 2025–26ರ ತನಕ ನಡೆಯುತ್ತದೆ, ಸೇರಬಹುದು. ಈ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮನಸ್ಸಿನ ಕಾಯಿಲೆಗೆ ಮಾತಿನ ಚಿಕಿತ್ಸೆ ಕೊಡುವವರು, ಆಗಲು ಇದ್ದ ಹೆದ್ದಾರಿಯೇ ಆ ಎಂ.ಫಿಲ್. ರಸ್ತೆ ಅಗೆದು ಹಾಕಿದ ಮೇಲೆ, ‘ಅಯ್ಯೋ, ಇದರ ಮೇಲೆ ಬಸ್ ಓಡಾಡ್ತಿತ್ತು ಅಲ್ವಾ’ ಅಂತ ಯಾರಿಗೋ ನೆನಪಾಗಿದೆ.

ಆ ಬಸ್ಸಿನಲ್ಲಿ ನನ್ನ ಅಕ್ಕನ ಮಗಳೂ ಇದ್ದಳು.

ಅವಳಿಗೆ ಒಂದು ಹುಚ್ಚು. ಸಿಬಿಟಿ ಅನ್ನುವ, ಯೋಚನೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಕಲಿಯಬೇಕು, ಅದನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಬೇಕು. ಪಿಯುಸಿ ಆದ ಮೇಲೆ ಮೂರು ವರ್ಷ ಡಿಗ್ರಿ, ಎರಡು ವರ್ಷ ಎಂ.ಎ., ಆಮೇಲೆ ಪ್ರವೇಶ ಪರೀಕ್ಷೆ ಗೆದ್ದು ಎರಡು ವರ್ಷ ಎಂ.ಫಿಲ್. ಒಟ್ಟು ಏಳು. ಇದನ್ನು ಕೇಳಿ ನಮ್ಮಮ್ಮ, ಅಂದರೆ ಅವಳ ಅಜ್ಜಿ, ಬೆರಳು ಮಡಚಿ ಲೆಕ್ಕ ಹಾಕಿದರು.

“ಏಳು ವರ್ಷ ಓದಿ ಮಾತ್ರೆ ಬರೆಯೋ ಹಾಗಿಲ್ವಾ?”

“ಇಲ್ಲ ಅಜ್ಜಿ. ಮಾತಾಡೋದು ಅಷ್ಟೇ.”

“ಮಾತಾಡೋಕೆ ಏಳು ವರ್ಷ ಬೇಕಾ? ನಿಮ್ಮಮ್ಮ ಏನೂ ಓದದೆ ಮಾತಾಡ್ತಾಳಲ್ಲೇ.”

ಅಮ್ಮನ ಮಾತು ಸುಳ್ಳಲ್ಲ. ಕನ್ನಡದವರಿಗೆ ಸಿಬಿಟಿ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಫಿಲಡೆಲ್ಫಿಯಾದ ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ರೋಗಿಗಳ ಮಾತು ಕೇಳಿ ಕೇಳಿ ಒಂದು ವಿಷಯ ಕಂಡುಕೊಂಡರು. ಮನುಷ್ಯನನ್ನು ಹಣ್ಣು ಮಾಡುವುದು ಬರೀ ನಡೆದ ಘಟನೆಯಲ್ಲ, ಅದರ ಬಗ್ಗೆ ಅವನ ತಲೆಯಲ್ಲಿ ತಾನಾಗಿ ಓಡುವ ಯೋಚನೆ. ನಮ್ಮಲ್ಲಿ ಕಾಯಿಲೆಗೆ ಇದ್ದ ಹೆಸರೇ ಅದು. ‘ಯಾಕೋ ಯೋಚನೆ ಜಾಸ್ತಿಯಾಗಿದೆ.’ ‘ಯೋಚನೆ ಮಾಡಿ ಮಾಡಿ ಸೊರಗಿಬಿಟ್ಟಿದಾಳೆ.’ ಚಿಂತೆಗೂ ಯೋಚನೆಗೂ ಒಂದೇ ಪದ ಇಟ್ಟುಕೊಂಡ ಜನ ನಾವು. ಚಿಕಿತ್ಸೆ ಮಾತ್ರ ಸ್ವಲ್ಪ ಬೇರೆ. ನಾವು ‘ಸುಮ್ನೆ ಯೋಚನೆ ಮಾಡ್ಬೇಡ ಹೋಗು’ ಅಂತೀವಿ. ಬೆಕ್ ಹೇಳಿದ್ದು ಉಲ್ಟಾ: ಆ ಯೋಚನೆಯನ್ನು ಹಿಡಿದು ಮುಂದೆ ಕೂರಿಸಿ, ‘ನೀನು ಹೇಳೋದಕ್ಕೆ ಸಾಕ್ಷಿ ಏನು’ ಅಂತ ಕೇಳು.

ಇಷ್ಟು ಸರಳವಾದದ್ದಕ್ಕೆ ನಮ್ಮ ಪಂಡಿತರು ಕೊಟ್ಟ ಹೆಸರು ನೋಡಿ. ಒಬ್ಬರು ‘ಅರಿವಿನ ವರ್ತನಾ ಚಿಕಿತ್ಸೆ’ ಅಂತಾರೆ. ಇನ್ನೊಬ್ಬರು ‘ಸಂಜ್ಞಾನಾತ್ಮಕ ವರ್ತನ ಚಿಕಿತ್ಸೆ’. ಎರಡನೆಯದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನಿಗೆ ಚಿಕಿತ್ಸೆಯೇ ಬೇಕಾಗಿಲ್ಲ. ಆತಂಕದಿಂದ ಬಂದ ರೋಗಿಗೆ ಆ ಬೋರ್ಡು ಓದಿಸಿದರೆ ಎದೆಬಡಿತ ಇನ್ನೂ ಹತ್ತು ಏರುತ್ತದೆ. ‘ಖಿನ್ನತೆ’ ಅನ್ನುವ ಪದವನ್ನು ರೋಗಿಯ ಬಾಯಲ್ಲಿ ಇನ್ನೂ ಕೇಳಿಲ್ಲ ಎನ್ನುತ್ತಾಳೆ ನಮ್ಮ ಹುಡುಗಿ. ಅವರು ಹೇಳುವುದು ‘ಎದೆ ಭಾರ’, ‘ತಲೆ ದಿಮ್ ಅಂತದೆ’, ‘ಯಾವುದೂ ಬೇಡ ಅನ್ಸುತ್ತೆ’. ಅದಕ್ಕೆ ಇವಳು ಫಾರಮ್ಮಿನಲ್ಲಿ ‘ಖಿನ್ನತೆ’ ಅಂತ ಬರೆದುಕೊಳ್ಳುತ್ತಾಳೆ.

ಇನ್ನು ಇವಳು ಯಾರು ಅನ್ನುವುದಕ್ಕೇ ದೇಶದಲ್ಲಿ ಎರಡು ಕಾನೂನು. 2021ರಲ್ಲಿ ಆರೋಗ್ಯ ವೃತ್ತಿಗಳಿಗೆಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಸೈಕಾಲಜಿಸ್ಟ್ ಇದ್ದಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲ. ಅವರು 1992ರ ಕಾಯ್ದೆಯ ಪುನರ್ವಸತಿ ಪರಿಷತ್ತಿನ ಪಾಲು. ಅಣ್ಣ ಒಂದು ಮನೆ, ತಮ್ಮ ಇನ್ನೊಂದು ಮನೆ. ಸಿಬಿಟಿ ಯಾರ ಪಾಲು ಅಂತ ಕೇಳಿದರೆ ಉತ್ತರ ಇಲ್ಲ. ಅದಕ್ಕೇ ವಾರಾಂತ್ಯದ ಎರಡು ದಿನದಲ್ಲಿ ‘ಸರ್ಟಿಫೈಡ್ ಸಿಬಿಟಿ ಥೆರಪಿಸ್ಟ್’ ಮಾಡುವ ಆನ್‌ಲೈನ್ ಅಂಗಡಿಗಳು ಜೋರಾಗಿ ನಡೆದಿವೆ. ಏಳು ವರ್ಷದವಳ ಸರ್ಟಿಫಿಕೇಟಿಗಿಂತ ಅವುಗಳದ್ದು ಹೆಚ್ಚು ಹೊಳೆಯುತ್ತದೆ. ಬಂಗಾರದ ಅಂಚು ಬೇರೆ.

ಇಂಗ್ಲೆಂಡಿನಲ್ಲಿ 2008ರಿಂದ ಸರ್ಕಾರವೇ ಇಂಥ ಥೆರಪಿಸ್ಟ್‌ಗಳನ್ನು ಸಂಬಳ ಕೊಟ್ಟು ತಯಾರು ಮಾಡುತ್ತಿದೆ. ಒಂದು ವರ್ಷ ತರಬೇತಿ, ಪಕ್ಕದಲ್ಲೇ ಕೆಲಸ, ತಪ್ಪು ಹಿಡಿಯಲು ಮೇಲೊಬ್ಬ ಅನುಭವಿ. ಅಲ್ಲೂ ಕ್ಯೂ ಇದೆ, ಗೊಣಗಾಟ ಇದೆ. ಆದರೆ ಕ್ಯೂ ಅಂದರೆ ಕೊನೆಯಲ್ಲಿ ಒಬ್ಬರು ಕೂತಿದ್ದಾರೆ ಅಂತ ಅರ್ಥ ತಾನೇ?

ಹಾಗಂತ ನಮ್ಮ ರಾಜ್ಯವನ್ನು ಹಗುರ ಮಾಡಬೇಡಿ. ಈ ವಿಷಯದಲ್ಲಿ ನಾವೇ ದೇಶದ ಮೇಷ್ಟ್ರು. ಕ್ಲಿನಿಕಲ್ ಸೈಕಾಲಜಿ ಕೋರ್ಸು ಬೆಂಗಳೂರಿನಲ್ಲಿ ಶುರುವಾಗಿದ್ದು 1955ರಲ್ಲಿ, ಆಗಿನ್ನೂ ನಿಮ್ಹಾನ್ಸ್ ಅನ್ನುವ ಹೆಸರೇ ಇರಲಿಲ್ಲ. 1980ರ ದಶಕದಲ್ಲಿ ಹಳ್ಳಿಗೆ ಮನೋಚಿಕಿತ್ಸೆ ತಲುಪಿಸುವುದು ಹೇಗೆಂದು ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಅದನ್ನೇ ನೋಡಿಕೊಂಡು 1996ರಲ್ಲಿ ಕೇಂದ್ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮಾಡಿತು. ಪಾಠ ಹೇಳಿಕೊಡುವುದರಲ್ಲಿ ನಾವು ಎಂದೂ ಹಿಂದೆ ಬಿದ್ದಿಲ್ಲ.

ಆಮೇಲೆ ನಾವು ಮಂಗಳವಾರವನ್ನು ಕಂಡುಹಿಡಿದೆವು. ‘ಮನೋಚೈತನ್ಯ’ ಅನ್ನುವ ಯೋಜನೆ, ಅಕ್ಕರೆಯ ಹೆಸರು ‘ಸೂಪರ್ ಟ್ಯೂಸ್‌ಡೇ ಕ್ಲಿನಿಕ್’. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರ ತಂಡ ಬರುತ್ತದೆ. ಏನೂ ಇಲ್ಲದ ಕಡೆ ಒಂದು ದಿನ ಬಂದರೂ ದೊಡ್ಡದೇ, ಒಪ್ಪಿದೆ. ಆದರೆ ಆ ‘ಸೂಪರ್’ ಇದೆಯಲ್ಲ, ಅದು ಬಟ್ಟೆ ಅಂಗಡಿಯ ಬೋರ್ಡಿನಿಂದ ಬಿದ್ದ ಹಾಗಿದೆ. ಬುಧವಾರ ಬೇಜಾರಾದವರು ಏನು ಮಾಡಬೇಕು? ತಡೆದುಕೊಳ್ಳಬೇಕು. ಗುರುವಾರದ ಆತಂಕವನ್ನು ಹಿಡಿದಿಟ್ಟುಕೊಂಡು, ಶನಿವಾರದ ಸಂಕಟಕ್ಕೆ ಜೋಡಿಸಿ, ಮಂಗಳವಾರ ಒಟ್ಟಿಗೆ ತರಬೇಕು.

ನಮ್ಮ ಹುಡುಗಿಗೆ ಕೊನೆಗೂ ಕೆಲಸ ಸಿಕ್ಕಿತು. ಒಂದು ಆಸ್ಪತ್ರೆ, ಹೆಸರು ಬೇಡ. ಗುತ್ತಿಗೆ, ಹನ್ನೊಂದು ತಿಂಗಳು. ಕೊಠಡಿ ಕೇಳಿದಳು. ಕೊಟ್ಟರು. ಅದರಲ್ಲಿ ಮೊದಲೇ ಕೆಟ್ಟ ಇಸಿಜಿ ಮಷೀನು, ಹಳೇ ಫೈಲಿನ ಗಂಟು, ಗ್ಲೂಕೋಸ್ ಬಾಟಲಿಯ ರಟ್ಟಿನ ಡಬ್ಬಗಳು ವಾಸವಾಗಿದ್ದವು. ಬಾಗಿಲಿಗೆ ಚಿಲಕ ಇಲ್ಲ. ಒಬ್ಬ ಹೆಂಗಸು ಮೂರನೇ ಮಂಗಳವಾರ, ಮೊದಲ ಸಲ ಬಾಯಿಬಿಟ್ಟು ಅಳಲು ಶುರು ಮಾಡಿದರಂತೆ. ಅಷ್ಟರಲ್ಲಿ ಅಟೆಂಡರ್ ಒಳಗೆ ಬಂದು, “ಅಳಿ ಅಳಿ, ನಂದೊಂದು ನಿಮಿಷ” ಅಂತ ಡಬ್ಬ ಎತ್ತಿಕೊಂಡು ಹೋದರು. ಹೋಗುವಾಗ ಬಾಗಿಲು ತೆರೆದೇ ಬಿಟ್ಟರು. ಹೊರಗೆ ಬೆಂಚಿನಲ್ಲಿ ಆಕೆಯ ಅತ್ತೆ ಕೂತಿದ್ದರು.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅನ್ನುತ್ತಾರೆ. ಚಿಂತೆ ಇರುವವರನ್ನೇ ಹಿಡಿದು ತಂದು ಸಂತೆಯಲ್ಲಿ ಕೂರಿಸುವ ಕಲೆ ನಮ್ಮದು.

ಸಿಬಿಟಿಯ ಒಂದು ಭೇಟಿಗೆ ಮುಕ್ಕಾಲು ಗಂಟೆ ಬೇಕು. ಅಂಥ ಹನ್ನೆರಡೋ ಹದಿನೈದೋ ಭೇಟಿ ಬೇಕು. ಇವಳ ಪಾಲಿಗೆ ತಲೆಗೆ ನಾಲ್ಕು ನಿಮಿಷ. ಅದರಲ್ಲಿ ಒಂದು ನಿಮಿಷ ರಿಜಿಸ್ಟರಿಗೆ, ಆಧಾರ್ ನಂಬರಿಗೆ. ಉಳಿದ ಮೂರರಲ್ಲಿ ಸಾಕ್ಷಿ ಕೇಳಬೇಕು.

“ಮಾವ, ಅಲ್ಲೇ ಸಿಕ್ಕಿಹಾಕಿಕೊಳ್ತೀನಿ. ‘ನನ್ನ ಮಾತು ಯಾರೂ ಕೇಳಲ್ಲ’ ಅಂತಾರೆ. ಅದು ತಪ್ಪು ಯೋಚನೆ ಅಂತ ಅವರೇ ಕಂಡುಕೊಳ್ಳೋ ಹಾಗೆ ಪ್ರಶ್ನೆ ಕೇಳಬೇಕು, ಹಾಗಂತ ಕಲಿಸಿದಾರೆ. ಅಷ್ಟರಲ್ಲಿ ಹೊರಗಿಂದ ‘ಮುಂದಿನವರು’ ಅಂತ ಕೂಗ್ತಾರೆ.”

ಇಲ್ಲಿಗೆ ತಮಾಷೆ ನಿಲ್ಲಿಸುತ್ತೇನೆ, ಬರುತ್ತಿಲ್ಲ. 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ 1,70,924 ಜನ ತಮ್ಮ ಜೀವ ತಾವೇ ತೆಗೆದುಕೊಂಡರು. ಇದು ಸರ್ಕಾರದ್ದೇ ಲೆಕ್ಕ. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ದಿನಗೂಲಿಗಳು. ದಿನಗೂಲಿಗೆ ಮಂಗಳವಾರ ಅಂದರೆ ಒಂದು ದಿನದ ಕೂಲಿ. ಹನ್ನೆರಡು ಭೇಟಿ ಅಂದರೆ ಹನ್ನೆರಡು ಕೂಲಿ, ಮೇಲೆ ಬಸ್ ಚಾರ್ಜು. ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು ಎಂದು 2017ರಲ್ಲೇ ಕಾನೂನು ಮಾಡಿದ್ದೀರಿ. 2018ರ ಮೇ ತಿಂಗಳಿಂದ ಅದು ಜಾರಿಯಲ್ಲಿದೆ. ಹಕ್ಕು ಕೊಟ್ಟವರು ಒಂದು ಚಿಲಕ ಕೊಡಲು ಆಗುವುದಿಲ್ಲವೇ? ಪ್ರತಿ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ, ಜಾಥಾ ಮಾಡುತ್ತೀರಿ, ಹಸಿರು ರಿಬ್ಬನ್ ಕಟ್ಟುತ್ತೀರಿ, ‘ಮೌನ ಮುರಿಯಿರಿ’ ಎಂದು ಬ್ಯಾನರ್ ಹಿಡಿಯುತ್ತೀರಿ. ಮುರಿದಿದ್ದಾರೆ ಸ್ವಾಮಿ. ಜನ ಮೌನ ಮುರಿದು ಬೆಂಚಿನ ಮೇಲೆ ಕೂತಿದ್ದಾರೆ. ಕೇಳುವವರ ಹುದ್ದೆ ಎಲ್ಲಿ?

ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, 14416. 2022ರ ಅಕ್ಟೋಬರ್ 10ರಂದೇ ಶುರುವಾಗಿದ್ದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಒಳ್ಳೆಯ ಕೆಲಸ, ಬೇಕಾದವರು ಖಂಡಿತ ಮಾಡಿ. ಆದರೆ ಆ ಕಡೆ ಫೋನ್ ಎತ್ತಿದವರು ಕೊನೆಗೆ ‘ಹತ್ತಿರದ ಆಸ್ಪತ್ರೆಗೆ ಹೋಗಿ’ ಎಂದರೆ, ಆ ಹತ್ತಿರದ ಆಸ್ಪತ್ರೆ ಇವಳೇ. ಇಸಿಜಿ ಮಷೀನಿನ ಪಕ್ಕ.

ಮೊನ್ನೆ ಫೋನ್ ಮಾಡಿದ್ದಳು. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಅಂತ ರಾತ್ರಿ ನಿದ್ದೆ ಬರುತ್ತಿಲ್ಲವಂತೆ.

“ನಿನ್ನ ಸಿಬಿಟಿ ಏನನ್ನುತ್ತೆ?” ಅಂದೆ.

“ಸಾಕ್ಷಿ ಬರಿ ಅನ್ನುತ್ತೆ. ಬರೆದೆ ಮಾವ, ಎರಡು ಪುಟ ಆಯ್ತು. ಎಲ್ಲಾ ನಿಜವೇ ಇದೆ.”

ಅಳುತ್ತಿದ್ದ ಆ ಹೆಂಗಸು ಮತ್ತೆ ಬಂದರಾ ಎಂದು ಕೇಳಿದೆ. ಬಂದಿದ್ದರಂತೆ. ಅತ್ತೆಯನ್ನು ಮನೆಯಲ್ಲೇ ಬಿಟ್ಟು, ಒಬ್ಬರೇ. ಮೊದಲ ಸಲ ಪೂರ್ತಿ ಹತ್ತು ನಿಮಿಷ ಮಾತಾಡಿದರಂತೆ. ಎದ್ದು ಹೋಗುವಾಗ, “ಮುಂದಿನ ಮಂಗಳವಾರ ಬರ್ಲಾ ಮೇಡಂ?” ಅಂತ ಕೇಳಿದರು.

ಇವಳು ಕ್ಯಾಲೆಂಡರ್ ನೋಡಿದಳು. ಮುಂದಿನ ಮಂಗಳವಾರ ಸರ್ಕಾರಿ ರಜೆ.