ನಾಲ್ಕನೇ ನಿಮಿಷಕ್ಕೆ ಮುಳ್ಳು ಎತ್ತಿದವರಿಗೆ

ನಿನ್ನೆ ಸಂಜೆ ಗೆಳೆಯರೊಬ್ಬರ ಮನೆಯಲ್ಲಿ ಹಳೆಯ ರೆಕಾರ್ಡುಗಳನ್ನು ಕೇಳಲು ಸೇರಿದ್ದೆವು. ನಾನು ಒಯ್ದದ್ದು ಸ್ಪೇನಿನ ತ್ರಿಯಾನಾ ಎಂಬ ರಾಕ್ ತಂಡ 1975ರಲ್ಲಿ ಹೊರತಂದ ಮೊದಲ ಎಲ್.ಪಿ.ಯನ್ನು, 'ಎಲ್ ಪಾತಿಯೊ' ಎಂಬ ಹೆಸರಿನಿಂದಲೇ ಅದು ಪ್ರಸಿದ್ಧ. ಮೊದಲ ಹಾಡು 'ಆಬ್ರೆ ಲಾ ಪುವೆರ್ತಾ', ಅಂದರೆ 'ಬಾಗಿಲು ತೆರೆ'. ಹತ್ತು ನಿಮಿಷಕ್ಕೆ ತುಸು ಕಡಿಮೆ. ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ, ಸಂಗೀತ ಬಲ್ಲವರೆಂದು ನಾವೆಲ್ಲ ಗೌರವಿಸುವ ಹಿರಿಯರೊಬ್ಬರು ಎದ್ದು ಹೋಗಿ ಮುಳ್ಳನ್ನು ಎತ್ತಿಬಿಟ್ಟರು. "ಇದು ಫ್ಯೂಷನ್ ಕಣಯ್ಯಾ. ರಾಕ್ ಸಂಗೀತಕ್ಕೆ ಒಂದಿಷ್ಟು ಫ್ಲಮೆಂಕೊ ಒಗ್ಗರಣೆ. ಬೇರೆ ಏನಾದರೂ ಹಾಕು" ಎಂದರು. ಯಾರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ರೆಕಾರ್ಡನ್ನು ಕವರಿಗೆ ಸೇರಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆಗ ಆಡಬೇಕಿದ್ದ ಮಾತನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಒಗ್ಗರಣೆ ಎಂಬ ಆ ಮಾತು ನನ್ನನ್ನು ರಾತ್ರಿ ಮಲಗಗೊಡಲಿಲ್ಲ. ಫ್ಲಮೆಂಕೊ ಎಂದರೆ ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತದ ಹಾಡು, ಗಿಟಾರ್, ಕುಣಿತಗಳ ಸಂಪ್ರದಾಯ. ತ್ರಿಯಾನಾ ಎಂಬುದು ಅದೇ ಪ್ರಾಂತದ ಸೆವಿಲ್ ನಗರದಲ್ಲಿ ಗ್ವಾದಲ್ಕಿವೀರ್ ನದಿಯ ಆಚೆ ದಡದಲ್ಲಿರುವ ಒಂದು ಕೇರಿಯ ಹೆಸರು. ಅಲ್ಲಿನ ಜಿಪ್ಸಿ ಕಮ್ಮಾರರ ಕುಲುಮೆಗಳ ನೆನಪನ್ನು ಹೊತ್ತಿರುವ 'ಮಾರ್ತಿನೇತೆ' ಎಂಬ ಹಾಡಿಗೆ ಇಂದಿಗೂ ಗಿಟಾರಿನ ಜೊತೆಯಿಲ್ಲ. ಬರೀ ಕಂಠ, ಹೆಚ್ಚೆಂದರೆ ಕಬ್ಬಿಣದ ಮೇಲೆ ಸುತ್ತಿಗೆಯ ಪೆಟ್ಟು. ಪಾತಿಯೊ ಎಂದರೆ ಅಂಗಳ. ನಮ್ಮ ಹಳೆಯ ವಠಾರಗಳನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ: ನಡುವೆ ಒಂದು ಅಂಗಳ, ಸುತ್ತ ಹತ್ತಾರು ಸಂಸಾರಗಳು, ಎಲ್ಲರಿಗೂ ಸೇರಿದ ನೀರು, ಎಲ್ಲರಿಗೂ ಕೇಳಿಸುವ ಹಾಡು. 1950 ಮತ್ತು 60ರ ದಶಕಗಳಲ್ಲಿ ಆ ವಠಾರಗಳನ್ನು ಖಾಲಿ ಮಾಡಿಸಿ, ಜಿಪ್ಸಿ ಕುಟುಂಬಗಳನ್ನು ಊರಿನ ಹೊರವಲಯಕ್ಕೆ ಸಾಗಹಾಕಿದರು. ಆ ಕೇರಿಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡು, ಅಂಗಳದ ಹೆಸರಿನಿಂದಲೇ ಪ್ರಸಿದ್ಧವಾದ ರೆಕಾರ್ಡನ್ನು ಹೊರತಂದವರಿಗೆ ಫ್ಲಮೆಂಕೊ ಒಗ್ಗರಣೆಯಾಗಿತ್ತು ಎಂದು ಹೇಳಲು ಮನಸ್ಸಾದರೂ ಹೇಗೆ ಬರುತ್ತದೆ?

ನಾನು ಒಂಬತ್ತು ವರ್ಷ ಮೃದಂಗ ಕಲಿತು ಬಿಟ್ಟವನು. ಯಾವ ಸಂಗೀತ ಕೇಳಿದರೂ ಬೆರಳುಗಳು ತೊಡೆಯ ಮೇಲೆ ತಾವಾಗಿ ಎಣಿಸತೊಡಗುತ್ತವೆ. ಫ್ಲಮೆಂಕೊದಲ್ಲಿ ಬುಲೇರಿಯಾಸ್ ಎಂಬ ಹಾಡಿನ ಬಗೆ ಸಾಮಾನ್ಯವಾಗಿ ಹನ್ನೆರಡರ ಆವರ್ತ. ಎಣಿಕೆಯನ್ನು ಹನ್ನೆರಡರಿಂದಲೇ ಆರಂಭಿಸುತ್ತಾರೆ. ಹನ್ನೆರಡು, ಮೂರು, ಆರು, ಎಂಟು, ಹತ್ತರ ಮೇಲೆ ಒತ್ತು ಬೀಳುತ್ತದೆ. ಅಂದರೆ ಮೂರು, ಮೂರು, ಎರಡು, ಎರಡು, ಎರಡು. ಈ ರೆಕಾರ್ಡಿನ ಮೂರನೆಯ ಹಾಡಿನ ಹೆಸರಿನ ಪಕ್ಕದಲ್ಲಿಯೇ 'ಬುಲೇರಿಯಾಸ್ 5×8' ಎಂದು ನಮೂದಿಸಿದ್ದಾರೆ. ನಮ್ಮಲ್ಲಿ ಕೃತಿಯ ತಲೆಯ ಮೇಲೆ ರಾಗ ತಾಳಗಳನ್ನು ಬರೆಯುವ ಹಾಗೆ, ಯಾವ ಬಗೆಯ ಹಾಡು ಮತ್ತು ಯಾವ ಎಣಿಕೆ ಎಂಬುದನ್ನು ಮೊದಲೇ ಹೇಳಿದ್ದಾರೆ. ಹನ್ನೆರಡರದ್ದನ್ನು ಐದಕ್ಕೆ ತಿರುಗಿಸಿದ್ದಾರೆ. ಮೊದಲ ಸಲ ಕೇಳಿದಾಗ ನಾನು ಹನ್ನೆರಡು ಎಣಿಸಲು ಹೋಗಿ ಪದೇಪದೇ ಸಮ ತಪ್ಪಿದೆ. ಮೂರನೆಯ ಸಲ ತಕ ತಕಿಟ ಎಂದು ಐದೆಣಿಕೆಯ ಖಂಡ ಛಾಪಿನಲ್ಲಿ ಕೈ ಕೂಡಿತು. ಉದ್ದನೆಯ, ಜಟಿಲ ರಚನೆಗಳ ಪ್ರೋಗ್ರೆಸಿವ್ ರಾಕ್‌ನವರಿಗೆ ಬೆಸ ಎಣಿಕೆಗಳ ಮೇಲಿದ್ದ ಪ್ರೀತಿಯೂ ಆಂದಲೂಸಿಯಾದ ಜನಕ್ಕೆ ಚಪ್ಪಾಳೆಯ ಲೆಕ್ಕದ ಮೇಲಿದ್ದ ಪ್ರೀತಿಯೂ ಒಂದೇ ಕಡೆ ಬಂದು ಕೂಡಿದ ಜಾಗ ಅದು. ಒಗ್ಗರಣೆಯನ್ನು ಕೊನೆಯಲ್ಲಿ ಮೇಲಿನಿಂದ ಹಾಕುತ್ತಾರೆ. ಇಲ್ಲಿರುವುದು ಅಕ್ಕಿಯ ಜೊತೆಗೇ ಬೆಂದದ್ದು.

ಅದೇ ರೆಕಾರ್ಡಿನ ಕೊನೆಯ ಹಾಡು 'ತೋದೊ ಎಸ್ ದೆ ಕೊಲೋರ್'. ಅದೇ 1975ರಲ್ಲಿ ಲೋಲೆ ಮತ್ತು ಮಾನುವೆಲ್ ಎಂಬ ಫ್ಲಮೆಂಕೊ ಜೋಡಿಯೂ ತಮ್ಮ ಮೊದಲ ರೆಕಾರ್ಡಿನಲ್ಲಿ ಅದನ್ನು ಹಾಡಿದ್ದಾರೆ. ಫ್ಲಮೆಂಕೊ ಮನೆಯಲ್ಲಿ ಹುಟ್ಟಿ ಬೆಳೆದವರು ಹಾಡಿದ ಹಾಡನ್ನೇ ಈ ತಂಡವೂ ಹಾಡಿತೆಂದರೆ, ಅವರು ಆ ಮನೆಗೆ ನೆಂಟರಾಗಿ ಬಂದವರಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊನ ಆಡಳಿತ ಫ್ಲಮೆಂಕೊವನ್ನು ಪ್ರವಾಸಿಗರ ಮುಂದೆ ಇಡುವ ಬಣ್ಣದ ಚಿತ್ರವನ್ನಾಗಿ ಮಾಡಿತ್ತು. ಆ ವರ್ಷದ ನವೆಂಬರ್ 20ರಂದು ಫ್ರಾಂಕೊ ತೀರಿಕೊಂಡ. ಹಾಗೆ ಪ್ರವಾಸಿಗರ ಪಾಲಾಗಿ ಕೈತಪ್ಪಿದ ಸಂಗೀತವನ್ನು ಈ ತಂಡದ ಗಾಯಕ ಹೆಸೂಸ್ ದೆ ಲಾ ರೋಸಾ, ಎದುವಾರ್ದೊ ರೊದ್ರೀಗೆಸ್ ರಾಡ್‌ವೇ ಮತ್ತು 'ತೆಲೆ' ಎಂದೇ ಹೆಸರಾದ ಡ್ರಮ್ಮರ್ ಹುವಾನ್ ಹೊಸೆ ಪಲಾಸಿಯೋಸ್ ಆರ್ಗನ್, ಗಿಟಾರ್, ಡ್ರಮ್‌ಗಳ ಮೂಲಕ ತಮ್ಮದನ್ನಾಗಿ ಮರಳಿ ಪಡೆದರು ಎಂದೇ ನಾನು ತಿಳಿದಿದ್ದೇನೆ.

ಹೊರಗಿನವರು ಮಾಡಿದರೆ ಅದು ಒಗ್ಗರಣೆಯೇ ಅಲ್ಲವೇ ಎಂದು ಕೇಳುವವರು ಕಾರ್ಮೆನ್ ಎಂಬ ತಂಡದ 1973ರ 'ಫಾಂಡ್ಯಾಂಗೋಸ್ ಇನ್ ಸ್ಪೇಸ್' ಕೇಳಲಿ. ಲಾಸ್ ಏಂಜಲೀಸ್‌ನಿಂದ ಲಂಡನ್ನಿಗೆ ಬಂದ ತಂಡವದು. ನರ್ತಕರ ಪಾದಗಳ ಪೆಟ್ಟನ್ನು ಮರದ ಹಲಗೆಯ ಮೇಲೆ ಮೈಕು ಇಟ್ಟು ಹಿಡಿದಿದ್ದಾರೆ. ಅಲ್ಲಿ ಪಾದವೂ ಡ್ರಮ್ಮಿನಷ್ಟೇ ಪೂರ್ಣವಾದ ಒಂದು ವಾದ್ಯ.

ದೆ ಲಾ ರೋಸಾ ಸಂಪ್ರದಾಯದ ಫ್ಲಮೆಂಕೊ ಗಾಯಕನಲ್ಲ, ನಿಜವಾದ ಫ್ಲಮೆಂಕೊಗೆ ಕಂಠ, ಗಿಟಾರ್, ಚಪ್ಪಾಳೆ ಬಿಟ್ಟು ಇನ್ನೇನೂ ಬೇಕಾಗಿಲ್ಲ ಎಂಬ ವಾದವಿದೆ. ಆತ ಸಾಂಪ್ರದಾಯಿಕ ಗಾಯಕನಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಸ್ವರವನ್ನು ಹಿಡಿದು ಎಳೆದು, ಎಳೆಯುತ್ತಲೇ ಅದನ್ನು ನೋವಿನ ಅಂಚಿಗೆ ತಂದು ನಿಲ್ಲಿಸುವುದನ್ನು ಆತ ಪಿಂಕ್ ಫ್ಲಾಯ್ಡ್‌ನಂಥ ಇಂಗ್ಲಿಷ್ ರಾಕ್ ತಂಡದಿಂದ ಕಲಿತದ್ದಲ್ಲ. ಕಿವಿಗೊಟ್ಟು ಪೂರ್ತಿ ಕೇಳಿದವರು ಈ ವಾದವನ್ನು ಎತ್ತುವುದಿಲ್ಲ. ನಾಲ್ಕನೇ ನಿಮಿಷಕ್ಕೆ ಎದ್ದವರು ಮಾತ್ರ ಎತ್ತುತ್ತಾರೆ.

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣವಿದೆ, ಅದನ್ನು ಮುಚ್ಚಿಡಲಾರೆ. ಇಪ್ಪತ್ತರ ವಯಸ್ಸಿನಲ್ಲಿ ಕದ್ರಿ ಗೋಪಾಲನಾಥರ ಕಚೇರಿಗೆ ಸೋದರಮಾವ ಕರೆದಾಗ, ಸ್ಯಾಕ್ಸೋಫೋನಿನಲ್ಲಿ ಎಂಥ ಗಮಕ ಎಂದು ಹೋಗದೆ ಉಳಿದವನು ನಾನು. ಕೇಳದೆಯೇ ತೀರ್ಪು ಕೊಟ್ಟಿದ್ದೆ. ಅವರು 2019ರಲ್ಲಿ ತೀರಿಕೊಂಡರು. ಒಮ್ಮೆಯೂ ಎದುರಿಗೆ ಕುಳಿತು ಕೇಳಲಿಲ್ಲ ಎಂಬ ಸಂಕಟ ಇನ್ನೂ ಆರಿಲ್ಲ. ದೆ ಲಾ ರೋಸಾ 1983ರಲ್ಲಿ, ಪ್ರವಾಹ ಸಂತ್ರಸ್ತರ ನೆರವಿಗಾಗಿ ಹಾಡಿ ಹಿಂದಿರುಗುವಾಗ ಉತ್ತರ ಸ್ಪೇನಿನ ಬುರ್ಗೋಸ್ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ 35 ವರ್ಷ. ಇವರೆಲ್ಲರೂ ಈಗ ರೆಕಾರ್ಡುಗಳಲ್ಲಿ ಮಾತ್ರ ಇದ್ದಾರೆ, ಅಲ್ಲಿಯೂ ಅವರ ಹಾಡನ್ನು ಅರ್ಧಕ್ಕೆ ನಿಲ್ಲಿಸುವುದು ನನಗೆ ಸಹಿಸಲಾಗದ ವಿಷಯ.

ಬೆಳಗಿನ ಜಾವ ಎದ್ದು ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಮುಳ್ಳು ಎತ್ತುವಾಗ ಜಾರಿದ ಕಡೆ ಕೂದಲೆಳೆಯಷ್ಟು ತೆಳುವಾದ ಒಂದು ಗೀರು ಬಿದ್ದಿದೆ. ಒರೆಸಿ, ಮೊದಲಿನಿಂದ ಹಾಕಿದೆ. ನಾಲ್ಕನೇ ನಿಮಿಷದ ಹೊತ್ತಿಗೆ 'ಟಕ್' ಎಂದಿತು. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಸುತ್ತು ತಿರುಗುವುದರಿಂದ ಎರಡು ಸೆಕೆಂಡಿಗೂ ಮೊದಲೇ ಮತ್ತೊಮ್ಮೆ 'ಟಕ್'. ಆ ಸದ್ದು ಹಾಡಿನ ತಾಳಕ್ಕೆ ಎಲ್ಲಿಯೂ ಕೂಡುವುದಿಲ್ಲ. ಏಳು ಸಲ ಎಣಿಸಿದೆ. ಎಂಟನೆಯದು ಬರಲಿಲ್ಲ, ಹಾಡು ಮುಂದಕ್ಕೆ ಹೋಯಿತು.